ಅಂಗಳದ ಕಲ್ಲಿಗೊಂದು ವಿಳಾಸ

ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯ ಹಳೆಯ ಮನೆ ಬಿಟ್ಟು ಊರ ಅಂಚಿನ ಹೊಸ ಜಾಗಕ್ಕೆ ಹೋಗುವ ಮುನ್ನ ಅವ್ವ ಅಂಗಳದ ಕಲ್ಲುಗಳನ್ನು ಎಣಿಸಿದಳು. ಹಾಸುಗಲ್ಲು, ಒಳ್ಳು, ಬೀಸುವ ಕಲ್ಲು, ಗಿಡಗಳ ಸುತ್ತ ಜೋಡಿಸಿದ್ದ ಹೊಳೆಯ ನುಣುಪುಗಲ್ಲು ಎಲ್ಲವೂ ಟ್ರ್ಯಾಕ್ಟರ್ ಏರಿದವು. ಉಳಿದದ್ದು ತುಳಸಿಕಟ್ಟೆಯ ಬುಡದಲ್ಲಿದ್ದ ಒಂದೇ ಕಲ್ಲು: ಮೊಣಕಾಲೆತ್ತರದ, ಬಳೆ ತೊಡಿಸಿದಂತೆ ಸುತ್ತಲೂ ಪಟ್ಟಿಗಳಿರುವ ಕಂಬದ ತುಂಡು. "ಇದನ್ನ ಹೊಸಾ ಮನಿ ಮುಂದ ನಿಲ್ಲಸೂಣು, ಚಂದ ಕಾಣತೈತಿ" ಎಂದಳು. ನಾನು ಬೇಡವೆಂದೆ. ಯಾಕೆ ಎಂದು ಕೇಳಿದರೆ ಆಗ ನೆಟ್ಟಗೆ ಉತ್ತರ ಹೇಳಲಾಗಲಿಲ್ಲ.

ಬಾದಾಮಿ, ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ನಮ್ಮ ಸೀಮೆಯಲ್ಲಿ ಬಳಪದ ಕಲ್ಲಿಗೆ ಹೊರಳಿದರು. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಕಾಶಿವಿಶ್ವೇಶ್ವರ, ನಮ್ಮ ತಾಲ್ಲೂಕಿನದೇ ಆದ ಡಂಬಳದ ದೊಡ್ಡಬಸಪ್ಪ ಗುಡಿಗಳಲ್ಲಿ ಅದನ್ನು ಕಾಣಬಹುದು. ಮೆದುವಾದ ಈ ಕಲ್ಲು ಉಳಿಯ ಮಾತು ಕೇಳುತ್ತದೆ. ತಿರುಗಣೆಗೆ ಕೊಟ್ಟರೆ ಕಂಬಕ್ಕೆ ಬಳೆಗಳು ಮೂಡುತ್ತವೆ. ನಮ್ಮ ತುಂಡು ಆ ಜಾತಿಯದು. ಯಾವ ಗುಡಿಯಿಂದ ಬಂತೆಂದು ಅಜ್ಜ ಯಾರಿಗೂ ಹೇಳಿರಲಿಲ್ಲ.

ಕಲ್ಲು ಸ್ಥಳ ಬದಲಿಸುವುದು ಹೊಸದೇನಲ್ಲ. ಚೋಳ ರಾಜಾಧಿರಾಜ ಹನ್ನೊಂದನೆಯ ಶತಮಾನದ ನಡುವೆ ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಅಲ್ಲಿಂದ ಒಬ್ಬ ದ್ವಾರಪಾಲಕನನ್ನು ಹೊತ್ತೊಯ್ದ. ವಿಜಯರಾಜೇಂದ್ರನೆಂಬ ಬಿರುದು ಹೊತ್ತ ತಾನು ಕಲ್ಯಾಣಪುರವನ್ನು ಸುಟ್ಟು ತಂದ ಬಾಗಿಲು ಕಾಯುವವನು ಇವನೆಂದು ಅದರ ಪೀಠದ ಮೇಲೆ ತಮಿಳಿನಲ್ಲಿ ಕೆತ್ತಿಸಿದ. ಈ ವಿಗ್ರಹ ಮುಂದೆ ದೊರೆತದ್ದು ದಾರಾಸುರದಲ್ಲಿ. ಅಲ್ಲಿನ ಐರಾವತೇಶ್ವರ ಗುಡಿ ಹನ್ನೆರಡನೆಯ ಶತಮಾನದ್ದು. ಅಂದರೆ ದ್ವಾರಪಾಲಕ ಇನ್ನೊಮ್ಮೆಯಾದರೂ ಮನೆ ಬದಲಿಸಿದ್ದಾನೆ. ಗೆದ್ದವನ ಸೊಕ್ಕಿನ ಸಾಲೇ ಆದರೂ ಅವನ ತವರೂರಿನ ಹೆಸರನ್ನು ಉಳಿಸಿದ್ದು ಅದೇ.

ಡಂಬಳದ್ದು ಇನ್ನೊಂದು ಕತೆ. ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಗೂ ಕೊಟ್ಟ ದತ್ತಿಯನ್ನು ಅಲ್ಲಿನ ೧೦೯೫ರ ಶಾಸನ ದಾಖಲಿಸುತ್ತದೆ. ಆ ವಿಹಾರ ಇಂದು ನಿಂತಿಲ್ಲ. ನಮ್ಮ ಸೀಮೆಯಲ್ಲಿ ಆ ಕಾಲಕ್ಕೂ ಬೌದ್ಧರಿದ್ದರೆಂದು ನಾವು ಪಾಠ ಹೇಳುವುದು ಒಂದು ಕಲ್ಲಿನ ಮೇಲಿನ ಅಕ್ಷರಗಳ ಬಲದಿಂದ. ಅಕ್ಷರವಿಲ್ಲದ ಕಲ್ಲಿಗೆ ಇರುವ ಅಕ್ಷರ ಒಂದೇ, ಅದು ನಿಂತ ಜಾಗ. ಜಾಗ ತಪ್ಪಿದರೆ ಅದು ಮೂಕವಾಗುತ್ತದೆ.

ಹಾಗೆಂದು ಎತ್ತಲೇಬಾರದೆಂದಲ್ಲ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಈ ಶತಮಾನದಲ್ಲಿ ಕಳಚಿ, ಕಲ್ಲುಗಳಿಗೆ ಸಂಖ್ಯೆ ಹಾಕಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಲಕ್ಕುಂಡಿಯಲ್ಲೋ ಗುಡಿಗಳ ಬಿಡಿಗಲ್ಲುಗಳು ಮನೆಯ ಗೋಡೆಗೂ ಕಟ್ಟೆಗೂ ಸೇರಿಹೋಗಿದ್ದವು. ೨೦೨೪ರ ನವೆಂಬರಿನಲ್ಲಿ ಮನೆಮನೆಗೆ ಹೋಗಿ ಅವನ್ನು ಸಂಗ್ರಹಿಸುವ ಅಭಿಯಾನವೇ ನಡೆಯಿತು. ಒಂದೆಡೆ ಸಂಖ್ಯೆಯ ಜೊತೆ ಹೊರಟ ಕಲ್ಲು, ಇನ್ನೊಂದೆಡೆ ವಿಳಾಸ ಕಳೆದುಕೊಂಡ ಕಲ್ಲು. ಆದರೂ ಆ ಮನೆಯವರನ್ನು ಕಳ್ಳರೆನ್ನಲಾರೆ. ಬಿದ್ದ ಗುಡಿಯ ಕಲ್ಲನ್ನು ಎತ್ತಿ ನಿಲ್ಲಿಸಿ, ಅರಿಶಿನ ಹಚ್ಚಿ, ಇಷ್ಟು ದಿನ ಉಳಿಸಿದವರೂ ಅವರೇ.

೧೯೭೨ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಕಂಡ ಶಿಲ್ಪ, ಶಾಸನಗಳಷ್ಟೇ ಅಲ್ಲ, ಕಟ್ಟಡದಿಂದ ಕಳಚಿದ ತುಂಡೂ ಪುರಾವಸ್ತುವೇ. ಬೇರೆ ಊರಿನ ಕಲ್ಲುಗಳ ಬಗ್ಗೆ "ಮೂಲಸ್ಥಾನ ತಿಳಿದಿಲ್ಲ" ಎಂದು ನನ್ನ ಪ್ರಬಂಧದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ದಿನಾ ಚಪ್ಪಲಿ ಬಿಡುತ್ತಿದ್ದ ಅಂಗಳದ ಕಲ್ಲಿಗೆ ಅಳತೆಪಟ್ಟಿ ಹಿಡಿದಿರಲಿಲ್ಲ. ಈಗ ಗೌಂಡಿ ಬಂದು, ಆ್ಯಸಿಡ್ ಹಾಕಿ ತೊಳೆದು ಸಿಮೆಂಟಿನಲ್ಲಿ ಕೂರಿಸಿಬಿಡೋಣ ಅಂದ. ಹಳೆಯ ಕೆತ್ತನೆಯ ಕಲ್ಲನ್ನು ಆ್ಯಸಿಡ್ ಹಾಕಿ ತೊಳೆಯಬಾರದು. ಸಿಮೆಂಟು ಹಿಡಿದರೆ ಮುಂದೆ ಒಡೆಯದೆ ಬಿಡಿಸಲಾಗದು. ಹಳೆಯ ಕಟ್ಟೆಯ ಮಣ್ಣಿನ ಗಾರೆ ಮಾತ್ರ ಒಂದು ಗುದ್ದಲಿ ಏಟಿಗೆ ಬಿಟ್ಟುಕೊಟ್ಟಿತ್ತು.

ಆ ಸಂಜೆ ಕಲ್ಲನ್ನು ಅಳೆದೆ, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದೆ, ಕಟ್ಟೆಯಲ್ಲಿ ಅದು ಇದ್ದ ಜಾಗದ ನಕ್ಷೆ ಬರೆದೆ. ಪುರಾತತ್ವ ಇಲಾಖೆಗೆ ಪತ್ರ ಬರೆಯುತ್ತ ಕೂತಾಗ ಅವ್ವ ಕೇಳಿದಳು: "ಅವರು ಒಯ್ದರ ದೀಪಾ ಹಚ್ಚವರ್‍ಯಾರು?" ಕಾಯ್ದೆಯಲ್ಲಿ ಇದಕ್ಕೆ ಉತ್ತರವಿಲ್ಲ. "ಇಲ್ಲಿತ್ತು ಅಂತ ಬರದ ಇಡತೇನಿ ಅವ್ವ" ಎಂದಷ್ಟೇ ಅಂದೆ. "ನಾ ಇಟ್ಟಿದ್ದೆ ಅಂತನೂ ಬರಿ" ಎಂದಳು.

ಬರೆದೆ. ತುಳಸಿ ಕುಂಡದಲ್ಲಿ ಹೊಸ ಮನೆಗೆ ಹೋಗಿದೆ. ಕಲ್ಲು ಇನ್ನೂ ಹಳೆಯ ಅಂಗಳದಲ್ಲೇ ಇದೆ, ಪತ್ರದ ಉತ್ತರಕ್ಕೆ ಕಾಯುತ್ತ. ಸಂಜೆಯಾದರೆ ಅವ್ವ ಎಣ್ಣೆ ಬತ್ತಿ ಹಿಡಿದು ಅಲ್ಲಿಗೆ ಹೋಗಿ ಬರುತ್ತಾಳೆ.