ನಾಣ್ಯ ಸಂಗ್ರಹ: ಇತಿಹಾಸದ ಮೊದಲ ಪಾಠ

ಇತಿಹಾಸವೆಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವದು ಇಸ್ವಿಗಳ ಪಟ್ಟಿ ಮತ್ತು ಅರಸರ ವಂಶಾವಳಿ. ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುವರು. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಕಣ್ಣಿನಿಂದ ಕಾಣದ, ಕೈಯಿಂದ ಮುಟ್ಟದ ವಿಷಯವು ಮನಸ್ಸಿನಲ್ಲಿ ನಿಲ್ಲುವದಾದರೂ ಹೇಗೆ? ಆದರೆ ಮುಟ್ಟಿ ನೋಡಬಹುದಾದ ಇತಿಹಾಸವೊಂದುಂಟು. ಅದೇ ಹಳೆಯ ನಾಣ್ಯ.

ನಮ್ಮ ವಳಸಂಗವು ಜತ್ತ ತಾಲೂಕಿನದು. ಈಗ ಸಾಂಗಲಿ ಜಿಲ್ಲೆಗೆ ಸೇರಿದ ಈ ಸೀಮೆಯನ್ನು ಕಲ್ಯಾಣದ ಚಾಲುಕ್ಯರು, ದೇವಗಿರಿಯ ಯಾದವರು, ಬಹಮನಿ ಸುಲ್ತಾನರು, ವಿಜಾಪುರದ ಆದಿಲಶಾಹಿಗಳು ಆಳಿಹೋದರು. ತರುವಾಯ ಮರಾಠರ ಕಾಲ ಬಂದಿತು. ಡಫಳೆ ಮನೆತನದ ಜತ್ತ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸೊತ್ತಿಗೆಗಳು ಅಳಿದರೂ ಅವುಗಳ ರೊಕ್ಕವು ನೆಲದಲ್ಲಿಯೂ ಅಜ್ಜಿಯಂದಿರ ಗಂಟುಗಳಲ್ಲಿಯೂ ಉಳಿದಿದೆ.

ಚಾಲುಕ್ಯರ ಕಾಲದ ಶಿಲಾಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳೆಂಬ ಹೆಸರುಗಳು ಮೇಲಿಂದ ಮೇಲೆ ಬರುವವು. ಲೊಕ್ಕಿಗುಂಡಿ, ಎಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯಿಂದ ಬಂದುದು ಲೊಕ್ಕಿಗದ್ಯಾಣ. ಪಣವೇ ನಮ್ಮ ಬಾಯಿಯಲ್ಲಿ ಹಣವಾಗಿದೆ. ಯಾದವರ ಪದ್ಮಟಂಕವು ಬಟ್ಟಲಿನಂತೆ ತುಸು ಬಾಗಿದ ಹೊನ್ನಿನ ನಾಣ್ಯ. ಅದರ ನಡುವೆ ತಾವರೆಯ ಗುರುತು. ಹೊಯ್ಸಳರಂತೂ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡ ಅಕ್ಷರಗಳಲ್ಲಿಯೇ ಬರೆಯಿಸಿದರು. ೧೬೫೬ರಿಂದ ೧೬೭೨ರ ವರೆಗೆ ವಿಜಾಪುರವನ್ನಾಳಿದ ಎರಡನೆಯ ಅಲಿ ಆದಿಲಶಾಹನ ಕಾಲದ ‘ಲಾರಿ’ಯು ದುಂಡಗಿರದೆ, ಮಡಚಿದ ಬೆಳ್ಳಿಯ ತಂತಿಯ ಮೇಲೆ ಮುದ್ರೆಯೊತ್ತಿದ ನಾಣ್ಯವಾಗಿತ್ತು. ಪರ್ಶಿಯಾದ ಲಾರ ಪಟ್ಟಣದಿಂದ ಅದಕ್ಕೆ ಆ ಹೆಸರು. ಸಮುದ್ರದಾಚೆಯ ವ್ಯಾಪಾರವು ನಮ್ಮ ಸೀಮೆಯ ರೊಕ್ಕದ ಆಕಾರವನ್ನೇ ಬದಲಿಸಿತೆಂಬುದನ್ನು ಈ ಒಂದು ತಂತಿಯು ಹೇಳುವದು. ಶಿವಾಜಿ ಮಹಾರಾಜರ ತಾಮ್ರದ ಶಿವರಾಯಿಯ ಒಂದು ಮಗ್ಗುಲಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದರಲ್ಲಿ ‘ಛತ್ರಪತಿ’ ಎಂದು ನಾಗರಿಯಲ್ಲಿದೆ. ಕನ್ನಡ ಮರಾಠಿಗಳೆರಡನ್ನೂ ಕಲಿಯುವ ಗಡಿನಾಡಿನ ಮಕ್ಕಳಿಗೆ ಇವುಗಳನ್ನು ಓದುವ ದಾರಿ ಅರ್ಧ ತೆರೆದೇ ಇದೆ.

ಆದರೆ ಪ್ರಾರಂಭವನ್ನು ಹೊನ್ನಿನಿಂದ ಮಾಡಬೇಕಾಗಿಲ್ಲ; ಮನೆಯಿಂದ ಮಾಡಬೇಕು. ೧೯೫೭ರ ಎಪ್ರಿಲ್ ೧ರಂದು ದಶಮಾನ ಪದ್ಧತಿ ಬರುವ ಮೊದಲು ರೂಪಾಯಿಗೆ ೧೬ ಆಣೆ, ೬೪ ಪೈಸೆ. ‘ಹದಿನಾರಾಣೆ ಸತ್ಯ’ ಎಂಬ ಮಾತು ಅಲ್ಲಿಂದ ಬಂದುದು. ೧೯೪೩ರಿಂದ ೧೯೪೭ರ ವರೆಗಿನ ತೂತಿನ ಪೈಸೆಯು ಯಾರ ಮನೆಯಲ್ಲಾದರೂ ಸಿಕ್ಕೀತು. ಒಂದೊಂದು ನಾಣ್ಯವನ್ನೂ ಕಾಗದದ ಪುಟ್ಟ ಲಕೋಟೆಯಲ್ಲಿಟ್ಟು, ಲೋಹ, ತೂಕ, ಅಗಲ, ಬರಹ, ಕೊಟ್ಟವರು, ಸಿಕ್ಕ ಸ್ಥಳ ಇವುಗಳನ್ನು ವಹಿಯಲ್ಲಿ ಬರೆದಿಡಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಹಿಜರಿ ವರ್ಷವಿದ್ದರೆ ಅದನ್ನು ೦.೯೭ರಿಂದ ಗುಣಿಸಿ ೬೨೨ ಕೂಡಿಸಿದರೆ ಕ್ರಿಸ್ತಶಕವು ಸುಮಾರಾಗಿ ದೊರೆಯುವದು. ೧೦೭೧ ಎಂದರೆ ೧೬೬೧ರ ಹತ್ತಿರ. ಗಣಿತದ ತಾಸಿಗೂ ಇದು ಒಳ್ಳೆಯ ಲೆಕ್ಕ.

ಎಲ್ಲಕ್ಕೂ ಮಿಗಿಲಾಗಿ, ನಾಣ್ಯವನ್ನು ತಿಕ್ಕಿ ತೊಳೆಯಬಾರದು. ಇದನ್ನು ನಾನು ಕಲಿತುದು ನನ್ನ ತಪ್ಪಿನಿಂದಲೇ. ನಾನು ಶಿಕ್ಷಕನಾದ ಹೊಸದರಲ್ಲಿ ಹುಡುಗನೊಬ್ಬನು ಅಜ್ಜಿಯ ಗಂಟಿನಲ್ಲಿದ್ದ ತಾಮ್ರದ ನಾಣ್ಯವೊಂದನ್ನು ತಂದುಕೊಟ್ಟನು. ವರ್ಗಕ್ಕೆಲ್ಲ ಕಾಣಲೆಂದು ನಾನು ಅದನ್ನು ಹುಣಸೆಹಣ್ಣು ಬೂದಿಗಳಿಂದ ತಿಕ್ಕಿದೆನು. ನಾಣ್ಯವು ಫಳಫಳನೆ ಹೊಳೆಯಿತು. ಮಸುಕಾಗಿದ್ದ ಅಕ್ಷರಗಳು ಮಾತ್ರ ಹೋಗಿಬಿಟ್ಟವು. “ಗುರುಗಳೇ, ಇದು ಯಾವ ರಾಜರದು?” ಎಂದು ಹುಡುಗನು ಕೇಳಿದಾಗ ಉತ್ತರ ಹೇಳಲಾಗಲಿಲ್ಲ. ಅದು ಮನೆಗೆ ಹೇಗೆ ಬಂದಿತೆಂದು ಅಜ್ಜಿಯನ್ನು ಕೇಳಿ ಬರೆದುಕೊಳ್ಳಬೇಕೆಂದಿದ್ದೆನು. ನಾಳೆ ನಾಡದ್ದು ಎನ್ನುವಷ್ಟರಲ್ಲಿ ಆ ವರ್ಷವೇ ಅವರು ತೀರಿಕೊಂಡರು.

ಇನ್ನೆರಡು ಎಚ್ಚರಿಕೆಯ ಮಾತುಗಳು. ಜಾತ್ರೆ ಸಂತೆಗಳಲ್ಲಿ ರಾಮ ಅಥವಾ ಹನುಮಂತನ ಚಿತ್ರವುಳ್ಳ, ‘೧೮೧೮ರ ಈಸ್ಟ್ ಇಂಡಿಯಾ ಕಂಪನಿ’ಯದೆಂಬ ಬಿಲ್ಲೆಗಳನ್ನು ಲಕ್ಷಗಟ್ಟಲೆ ಬೆಲೆ ಹೇಳಿ ಮಾರುವರು. ಕಂಪನಿಯು ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಎರಡನೆಯದು, ಹೊಲದಲ್ಲಿ ನಿಧಿ ಸಿಕ್ಕು ಅದರ ಬೆಲೆ ಹತ್ತು ರೂಪಾಯಿಗೆ ಮೀರಿದ್ದರೆ, ೧೮೭೮ರ ನಿಧಿ ಕಾಯದೆಯಂತೆ ಕಲೆಕ್ಟರರಿಗೆ ತಿಳಿಸತಕ್ಕದ್ದು. ಅಕ್ಕಸಾಲಿಗನ ಮೂಸೆಗೆ ಬಿದ್ದ ನಾಣ್ಯದಿಂದ ಬಂಗಾರವೇನೋ ದೊರೆಯುವದು. ಇತಿಹಾಸವು ತಿರುಗಿ ದೊರೆಯದು.

ಆ ತಿಕ್ಕಿದ ನಾಣ್ಯವು ಈಗಲೂ ನನ್ನ ಖಡುವಿನ ಡಬ್ಬಿಯಲ್ಲಿದೆ. ಪ್ರತಿ ವರ್ಷ ಹೊಸ ವರ್ಗಕ್ಕೆ ಮೊದಲು ಅದನ್ನೇ ತೋರಿಸುವೆನು. ಮಕ್ಕಳೇ, ಇಂದು ಸಂಜೆ ಮನೆಗೆ ಹೋದೊಡನೆ ಅಜ್ಜ ಅಜ್ಜಿಯರ ಹತ್ತಿರ ಕುಳಿತು ಕೇಳಿರಿ. ಕೇಳಿದ್ದನ್ನು ಅಂದೇ ಬರೆದಿಡಿರಿ.