ಹನ್ನೊಂದು ಮಿಲಿಸೆಕೆಂಡಿನೊಳಗೆ ಒಂದು ಲೋಕ

ಮಾಮೂಲಿ ಕಂಪ್ಯೂಟರ್ ಆಟ ನಡುವೆ ತಡವರಿಸಿದರೆ ಆಡುವವರಿಗೆ ಸಿಟ್ಟು ಬರುತ್ತದೆ. ವರ್ಚುವಲ್ ರಿಯಾಲಿಟಿಯ ಆಟ ತಡವರಿಸಿದರೆ ವಾಕರಿಕೆ ಬರುತ್ತದೆ. ತಲೆ ತಿರುಗಿತೆಂದು ಒಳಗಿವಿ ಹೇಳುತ್ತದೆ, ಕಣ್ಣೆದುರಿನ ಲೋಕ ಮಾತ್ರ ಇನ್ನೂ ತಿರುಗಿರುವುದಿಲ್ಲ. ಈ ಜಗಳದ ದಂಡ ತೆರುವುದು ಹೊಟ್ಟೆ. ಸೆಕೆಂಡಿಗೆ 90 ಚಿತ್ರ ತೋರಿಸುವ ಹೆಡ್‌ಸೆಟ್‌ನಲ್ಲಿ ಒಂದು ಚಿತ್ರಕ್ಕೆ ಸಿಗುವ ಕಾಲಾವಕಾಶ 11.1 ಮಿಲಿಸೆಕೆಂಡ್. ಅಷ್ಟರೊಳಗೆ ಎರಡು ಕಣ್ಣಿಗೆ ಎರಡು ನೋಟ ಸಿದ್ಧವಾಗಬೇಕು, ಒಮ್ಮೆಯೂ ತಪ್ಪದೆ. ಈ ಕ್ಷೇತ್ರದ ಚರಿತ್ರೆಯನ್ನು ಹೆಚ್ಚಿನವರು ದುಬಾರಿ ಗ್ರಾಫಿಕ್ಸ್ ಕಾರ್ಡುಗಳ ಚರಿತ್ರೆಯಾಗಿ ಬರೆಯುತ್ತಾರೆ. ನನಗೆ ಅದಕ್ಕಿಂತ ಸ್ವಾರಸ್ಯವಾಗಿ ಕಾಣುವುದು ಇನ್ನೊಂದು ಎಳೆ: ಕಸುವಿಲ್ಲದ ಯಂತ್ರ ಎಲ್ಲಿ ಸುಳ್ಳು ಹೇಳಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ ಎಂಬುದನ್ನು ಎಂಜಿನಿಯರುಗಳು ಒಂದೊಂದಾಗಿ ಕಂಡುಕೊಂಡ ಬಗೆ.

ಶುರುವಿನಿಂದಲೂ ಯಂತ್ರದ ಕಸುವು ಸಾಲದೇ ಇತ್ತು. 1968ರಲ್ಲಿ ಐವನ್ ಸದರ್‌ಲ್ಯಾಂಡ್ ತಲೆಗೆ ತೊಡುವ ಪರದೆಯನ್ನು ರೂಪಿಸಿದಾಗ ಅದರಲ್ಲಿ ಕಾಣುತ್ತಿದ್ದುದು ಬರೀ ಗೆರೆಗಳ ಆಕೃತಿ. ಆ ಗೆರೆಗಳನ್ನು ತಲೆಯ ಚಲನೆಗೆ ತಕ್ಕಂತೆ ಹೊರಳಿಸುವುದೂ ಆಗಿನ ಕಂಪ್ಯೂಟರಿನಿಂದ ಆಗದ ಕೆಲಸ. ಹಾಗಾಗಿ ಲೆಕ್ಕಕ್ಕೆಂದೇ ಪ್ರತ್ಯೇಕ ಸರ್ಕ್ಯೂಟುಗಳನ್ನು ಕಟ್ಟಬೇಕಾಯಿತು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ವರ್ಚುವಾಲಿಟಿ ಕಂಪನಿ ಆಟದಂಗಡಿಗಳಿಗೆ ಇಳಿಸಿದ ಯಂತ್ರಗಳ ಒಳಗೆ ಇದ್ದುದು ಅಮಿಗಾ 3000 ಕಂಪ್ಯೂಟರ್. ಚಪ್ಪಟೆ ಬಣ್ಣದ ಕೆಲವೇ ತ್ರಿಕೋನಗಳ ಲೋಕ ಅದು. ಜನ ನೋಡಿದರು, ಬೆರಗಾದರು, ತಲೆ ಸುತ್ತಿಸಿಕೊಂಡು ಮನೆಗೆ ಹೋದರು.

ಮುಖ್ಯವಾದ ಉಪಾಯ ಹೊಳೆದದ್ದು ಈ ಗದ್ದಲದಿಂದ ದೂರದಲ್ಲಿ. 1994ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಮ್ಯಾಥ್ಯೂ ರೀಗನ್ ಮತ್ತು ರೊನಾಲ್ಡ್ ಪೋಸ್ ಒಂದು ಪ್ರಬಂಧ ಮಂಡಿಸಿದರು. ನೋಡುಗನ ಸುತ್ತಲಿನ ದೃಶ್ಯವನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಪರದೆಗೆ ಕಳಿಸುವ ಕೊನೆಯ ಗಳಿಗೆಯಲ್ಲಿ ತಲೆ ಎತ್ತ ತಿರುಗಿದೆಯೋ ಅತ್ತಲಿನ ಭಾಗವನ್ನು ಮಾತ್ರ ಎತ್ತಿಕೊಳ್ಳುವುದು. ದೂರದ ವಸ್ತುಗಳನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಮತ್ತೆ ಬರೆಯುವುದು. 1997ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ವಿಲಿಯಂ ಮಾರ್ಕ್, ಲೆನರ್ಡ್ ಮೆಕ್‌ಮಿಲನ್, ಗ್ಯಾರಿ ಬಿಷಪ್ ಇನ್ನೂ ಮುಂದೆ ಹೋಗಿ, ಬರೆದ ಚಿತ್ರವನ್ನೇ ಆಳದ ಮಾಹಿತಿಯ ನೆರವಿನಿಂದ ಹಿಗ್ಗಿಸಿ ಕುಗ್ಗಿಸಿ ನಡುವಿನ ಚಿತ್ರಗಳನ್ನು ಹುಟ್ಟಿಸುವ ದಾರಿ ತೋರಿಸಿದರು. ಎರಡೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪ್ರಯೋಗಾಲಯದಲ್ಲೇ ಉಳಿದವು. ಬಳಸಿಕೊಳ್ಳಲು ಜನಪ್ರಿಯ ಹೆಡ್‌ಸೆಟ್ಟೇ ಮಾರುಕಟ್ಟೆಯಲ್ಲಿ ಇರಲಿಲ್ಲವಲ್ಲ!

2012ರಲ್ಲಿ ಪಾಮರ್ ಲಕಿಯ ಆಕ್ಯುಲಸ್ ರಿಫ್ಟ್ ಹೆಡ್‌ಸೆಟ್ ಜನರಿಂದ ಚಂದಾ ಎತ್ತಿ ಹೊರಟಾಗ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು. ಮರುವರ್ಷ ಬಂದ ಮೊದಲ ಮಾದರಿಯ ಪರದೆಯಲ್ಲಿ ಕಣ್ಣೊಂದಕ್ಕೆ 640×800 ಪಿಕ್ಸೆಲ್, ಸೆಕೆಂಡಿಗೆ 60 ಚಿತ್ರ. ತಲೆ ಆಡಿಸಿದರೆ ಎಲ್ಲವೂ ಕಲಸಿ ಹೋಗುತ್ತಿತ್ತು. ಡೂಮ್ ಆಟದ ಖ್ಯಾತಿಯ ಜಾನ್ ಕಾರ್ಮ್ಯಾಕ್ 2013ರಲ್ಲಿ ಬರೆದ ಲೇಖನ ಈ ಘಟ್ಟದ ದಿಕ್ಸೂಚಿ. ತಲೆ ಅಲುಗಿದ ಕ್ಷಣದಿಂದ ಬೆಳಕು ಕಣ್ಣು ಸೇರುವವರೆಗೆ 20 ಮಿಲಿಸೆಕೆಂಡ್ ಮೀರಬಾರದು ಎಂಬ ಗುರಿಯನ್ನು ಅವರು ಇಟ್ಟರು. ದಾರಿಯನ್ನೂ ತೋರಿಸಿದರು: ಚಿತ್ರ ಬರೆದು ಮುಗಿದ ಮೇಲೆ, ಪರದೆಗೆ ಹೋಗುವ ಮುನ್ನ, ತಲೆಯ ದಿಕ್ಕನ್ನು ಮತ್ತೊಮ್ಮೆ ಓದಿ ಚಿತ್ರವನ್ನು ಅಷ್ಟೇ ಸರಿಸುವುದು. ಅವರು ಇದಕ್ಕೆ ಟೈಮ್‌ವಾರ್ಪ್ ಎಂದರು. ಮೊನಾಶ್‌ನ ಉಪಾಯವೇ ಹೊಸ ಅಂಗಿ ತೊಟ್ಟು ಬಂದಿತ್ತು.

2014ರ ಎರಡನೆಯ ಮಾದರಿ ಇನ್ನೊಂದು ತಿರುವು ತಂದಿತು. ಪರದೆ ಪ್ರತಿ ಚಿತ್ರವನ್ನು ಕೆಲವೇ ಮಿಲಿಸೆಕೆಂಡ್ ಬೆಳಗಿ ಆರಿಸಿಬಿಡುತ್ತಿತ್ತು. ಕಲಸುವಿಕೆ ಮಾಯವಾಯಿತು. ಆದರೆ ಯಂತ್ರದ ತಪ್ಪುಗಳನ್ನು ಮುಚ್ಚುತ್ತಿದ್ದ ಮಬ್ಬೂ ಅದರೊಂದಿಗೆ ಹೋಯಿತು. ಹೊಸ ಚಿತ್ರ ಬರದೆ ಹಳೆಯದೇ ಎರಡು ಬಾರಿ ಬೆಳಗಿದರೆ, ತಿರುಗುತ್ತಿರುವ ತಲೆಗೆ ಪ್ರತಿ ವಸ್ತುವೂ ಜೋಡಿಯಾಗಿ ಕಾಣುತ್ತದೆ. ಪರದೆ ಸುಧಾರಿಸಿದಷ್ಟೂ ಬಡ ಯಂತ್ರದ ಮರ್ಯಾದೆ ಹೆಚ್ಚು ಹೋಗತೊಡಗಿತು.

ಈ ಹಿನ್ನೆಲೆಯಲ್ಲಿ 2015ರ ಮೇ ತಿಂಗಳಲ್ಲಿ ಆಕ್ಯುಲಸ್ ತನ್ನ ಶಿಫಾರಸು ಯಂತ್ರವನ್ನು ಘೋಷಿಸಿತು: ಜಿಟಿಎಕ್ಸ್ 970 ಅಥವಾ ಆರ್9 290 ಕಾರ್ಡ್, ಐ5-4590 ಪ್ರೊಸೆಸರ್, 8 ಜಿಬಿ ಮೆಮೊರಿ. ಲೆಕ್ಕ ಸರಳ. ಸಾಮಾನ್ಯ ಮಾನಿಟರಿನಲ್ಲಿ 1920×1080 ಪಿಕ್ಸೆಲ್ಲನ್ನು ಸೆಕೆಂಡಿಗೆ 60 ಬಾರಿ ತುಂಬಲು ಸುಮಾರು 12.4 ಕೋಟಿ ಪಿಕ್ಸೆಲ್ ಸಾಕು. ರಿಫ್ಟ್‌ನ 2160×1200 ಪರದೆಯನ್ನು 90 ಬಾರಿ ತುಂಬಲು 23.3 ಕೋಟಿ ಬೇಕು. ಸಾಲದ್ದಕ್ಕೆ ಮಸೂರದ ವಕ್ರತೆಯನ್ನು ಸರಿದೂಗಿಸಲು ಚಿತ್ರವನ್ನು ಬಾಗಿಸುವಾಗ ಅದರ ನಡುಭಾಗ ಹಿಗ್ಗುವುದರಿಂದ ಪರದೆಗಿಂತ ದೊಡ್ಡ ಚಿತ್ರವನ್ನೇ ಬರೆಯಬೇಕು. ಆಗ ಅದು 40 ಕೋಟಿ ಮುಟ್ಟುತ್ತದೆ. 2016ರಲ್ಲಿ ಮಾರಾಟಕ್ಕೆ ಬಂದಾಗ ಹೆಡ್‌ಸೆಟ್ಟಿನ ಬೆಲೆ 599 ಡಾಲರ್ ಇತ್ತು, ಯಂತ್ರದ ಖರ್ಚು ಬೇರೆ.

ಬಡ ಯಂತ್ರದ ಪಾಠ ನಿಜವಾಗಿ ನಡೆದದ್ದು ಫೋನಿನಲ್ಲಿ. 2014ರ ಕೊನೆಯಲ್ಲಿ ಬಂದ ಸ್ಯಾಮ್‌ಸಂಗ್ ಗೇರ್ ವಿಆರ್‌ಗೆ ಗ್ಯಾಲಕ್ಸಿ ನೋಟ್ 4 ಫೋನೇ ಮಿದುಳು. ಫೋನ್ ಬಿಸಿಯಾಗುತ್ತದೆ, ಬಿಸಿಯಾದರೆ ವೇಗ ಇಳಿಸಿಕೊಳ್ಳುತ್ತದೆ, ಬ್ಯಾಟರಿ ಕರಗುತ್ತದೆ. ಆಟ ಬರೆಯುವವರಿಗೆ ಸಿಕ್ಕ ಮಾರ್ಗಸೂಚಿಯಲ್ಲಿ ಒಂದು ಚಿತ್ರಕ್ಕೆ 50ರಿಂದ 100 ಡ್ರಾ ಕಾಲ್ (ಪ್ರೊಸೆಸರ್ ಕೊಡುವ ಬರೆಯುವ ಆಜ್ಞೆ), 50 ಸಾವಿರದಿಂದ 1 ಲಕ್ಷ ತ್ರಿಕೋನ ಎಂಬ ಮಿತಿ ಇತ್ತು. ಪಿಸಿ ಆಟಗಾರರು ಇದನ್ನು ಕಂಡು ನಕ್ಕರು. ಆದರೆ ನೆರಳು ಬೆಳಕನ್ನು ಮೊದಲೇ ಲೆಕ್ಕಹಾಕಿ ಗೋಡೆಗೆ ಬಳಿದಿಡುವುದು, ಎರಡೂ ಕಣ್ಣಿನ ನೋಟಕ್ಕೆ ಪ್ರೊಸೆಸರಿನಿಂದ ಒಂದೇ ಆಜ್ಞೆ ಹೋಗುವಂತೆ ಮಾಡುವುದು ಮುಂತಾದ ಶಿಸ್ತು ಬೇರೂರಿದ್ದು ಇಲ್ಲೇ.

ಪಿಸಿಯ ಕಡೆ ವಾಲ್ವ್ ಕಂಪನಿಯ ಅಲೆಕ್ಸ್ ವ್ಲಾಚೋಸ್ 2015 ಮತ್ತು 2016ರ ಆಟ ತಯಾರಕರ ಜಿಡಿಸಿ ಸಮ್ಮೇಳನಗಳಲ್ಲಿ ಕೊಟ್ಟ ಉಪನ್ಯಾಸಗಳನ್ನು ಇಂದಿಗೂ ಕೇಳಬೇಕು. ಮಸೂರದ ಮೂಲಕ ಎಂದೂ ಕಾಣದ ಮೂಲೆಗಳನ್ನು ಬರೆಯುವುದೇಕೆ? ಅವುಗಳ ಮೇಲೆ ಮುಸುಕು ಹಾಕಿದರೆ ಸುಮಾರು 17% ಪಿಕ್ಸೆಲ್ ಉಳಿಯುತ್ತದೆ. ಇನ್ನೊಂದು ಉಪಾಯ, ಆಟ ತನ್ನ ಗುಣಮಟ್ಟವನ್ನು ತಾನೇ ಏರಿಸಿ ಇಳಿಸಿಕೊಳ್ಳುವುದು. ಗ್ರಾಫಿಕ್ಸ್ ಕಾರ್ಡ್ ತನ್ನ ಕಾಲಾವಕಾಶದ 90% ದಾಟಿದರೆ ಎರಡು ಮೆಟ್ಟಿಲು ಕೆಳಗೆ, 70%ಕ್ಕಿಂತ ಕಡಿಮೆ ಬಳಸುತ್ತಿದ್ದರೆ ಒಂದು ಮೆಟ್ಟಿಲು ಮೇಲೆ. ಇಳಿಯುವಾಗ ಅವಸರ, ಏರುವಾಗ ನಿಧಾನ. ಈ ಜಾಣತನದಿಂದ ಆಗಲೇ ನಾಲ್ಕು ವರ್ಷ ಹಳೆಯದಾಗಿದ್ದ ಜಿಟಿಎಕ್ಸ್ 680 ಕಾರ್ಡಿನಲ್ಲೂ ತಮ್ಮ ಪ್ರದರ್ಶನ ಓಡುತ್ತದೆ ಎಂದು ಅವರು ತೋರಿಸಿದರು. ಬೆಳಕಿನ ಲೆಕ್ಕವನ್ನು ಕೊನೆಗೆ ಮುಂದೂಡುವ ಆಗಿನ ಜನಪ್ರಿಯ ವಿಧಾನವನ್ನು ಬಿಟ್ಟು ಹಳೆಯ ಫಾರ್ವರ್ಡ್ ರೆಂಡರಿಂಗ್‌ಗೆ ಮರಳಬೇಕೆಂದೂ ವಾದಿಸಿದರು. 2016ರ ನವೆಂಬರ್‌ನಲ್ಲಿ ಅನ್‌ರಿಯಲ್ ಎಂಜಿನ್ ಎಂಬ ಆಟ ಕಟ್ಟುವ ತಂತ್ರಾಂಶದ 4.14 ಆವೃತ್ತಿಯಲ್ಲಿ ಅಂಥದೊಂದು ವ್ಯವಸ್ಥೆ ಸೇರಿಕೊಂಡಿತು.

ಅದೇ ನವೆಂಬರ್‌ನಲ್ಲಿ ಆಕ್ಯುಲಸ್ ಅಸಿಂಕ್ರೊನಸ್ ಸ್ಪೇಸ್‌ವಾರ್ಪ್ ಬಿಡುಗಡೆ ಮಾಡಿತು. ಟೈಮ್‌ವಾರ್ಪ್‌ನಿಂದ ತಲೆಯ ಹೊರಳಿಕೆ ಸರಿಹೋಗುತ್ತಿತ್ತು. ಆಟದೊಳಗೆ ಓಡುವ ಎದುರಾಳಿ, ಬೀಸುವ ಕೈ ಮಾತ್ರ ತಡವರಿಸುತ್ತಲೇ ಇದ್ದವು. ಸ್ಪೇಸ್‌ವಾರ್ಪ್ ಎರಡು ಹಿಂದಿನ ಚಿತ್ರಗಳನ್ನು ಹೋಲಿಸಿ ಯಾವುದು ಎತ್ತ ಸರಿಯುತ್ತಿದೆ ಎಂದು ಅಂದಾಜಿಸಿ ಮುಂದಿನ ಚಿತ್ರವನ್ನು ಊಹೆಯಿಂದಲೇ ಕಟ್ಟುತ್ತದೆ. ಈ ಹೋಲಿಕೆಯ ಕೆಲಸಕ್ಕೆ ಅವರು ಬಳಸಿಕೊಂಡದ್ದು ಕಾರ್ಡಿನಲ್ಲಿ ವಿಡಿಯೊ ಕುಗ್ಗಿಸಲೆಂದು ಮೊದಲೇ ಇದ್ದ ಸರ್ಕ್ಯೂಟನ್ನು. ಸುಮ್ಮನೆ ಕೂತಿದ್ದವನಿಗೆ ಕೆಲಸ ಕೊಟ್ಟಂತಾಯಿತು. ಆಟ ಸೆಕೆಂಡಿಗೆ 45 ಚಿತ್ರ ಕೊಟ್ಟರೆ ಸಾಕು, ಉಳಿದ 45 ಊಹೆಯದ್ದು. ಕನಿಷ್ಠ ಅರ್ಹತೆ ಜಿಟಿಎಕ್ಸ್ 960 ಮತ್ತು ಐ3-6100ಕ್ಕೆ ಇಳಿಯಿತು.

ಊಹೆ ಎಡವುವ ಜಾಗಗಳೂ ಇವೆ. ಬೇಲಿಯಂಥ ಒಂದೇ ಬಗೆಯ ವಿನ್ಯಾಸ, ಥಟ್ಟನೆ ತೆರೆಯುವ ಬಾಗಿಲು, ಮುಖದ ಹತ್ತಿರ ಆಡುವ ಕೈ ಕಂಡರೆ ಅದು ಗೊಂದಲಕ್ಕೆ ಬೀಳುತ್ತದೆ. ಅಂಚುಗಳು ಜೆಲ್ಲಿಯಂತೆ ಅಲುಗುತ್ತವೆ. ಕೈಯ ಹಿಂದೆ ಏನಿದೆಯೆಂಬುದು ಹಿಂದಿನ ಚಿತ್ರದಲ್ಲಿ ಇರಲೇ ಇಲ್ಲ, ಇನ್ನು ಊಹಿಸುವುದೇನನ್ನು? ಆದರೂ ಇಡೀ ಚರಿತ್ರೆಯಲ್ಲಿ ಬಡ ಯಂತ್ರದವರಿಗೆ ಅತಿ ಹೆಚ್ಚು ಉಪಕಾರ ಮಾಡಿದ ಒಂದು ತಂತ್ರ ಹೆಸರಿಸಿ ಎಂದರೆ ನಾನು ಇದನ್ನೇ ಹೆಸರಿಸುತ್ತೇನೆ. ಅಪಕಾರವನ್ನೂ ಮಾಡಿತು ಎನ್ನಬೇಕು: 45 ಸಾಕೆಂದು ಗೊತ್ತಾದ ಮೇಲೆ 90ಕ್ಕಾಗಿ ಬೆವರು ಸುರಿಸುವ ಉಮೇದು ಹಲವು ಆಟಗಳಲ್ಲಿ ಕಾಣೆಯಾಯಿತು.

ಸೋನಿ ಇದೇ ವ್ಯವಹಾರವನ್ನು ಗುಟ್ಟಿಲ್ಲದೆ ಮಾಡಿತು. 2013ರ ಪ್ಲೇಸ್ಟೇಷನ್ 4ಕ್ಕೆ 2016ರಲ್ಲಿ ಹೆಡ್‌ಸೆಟ್ ಜೋಡಿಸುವಾಗ ಪರದೆಯನ್ನು 120ಕ್ಕೆ ಇಟ್ಟು, ಆಟಗಳು 60 ಕೊಟ್ಟರೂ ನಡೆಯುತ್ತದೆ, ಅದಕ್ಕಿಂತ ಇಳಿಯಬಾರದು ಎಂದಿತು. ಮೈಕ್ರೋಸಾಫ್ಟ್ ಇನ್ನೂ ಕೆಳಗಿಳಿಯಿತು. 2017ರ ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ಹೆಡ್‌ಸೆಟ್ಟುಗಳು ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲದ, ಇಂಟೆಲ್ ಎಚ್‌ಡಿ 620 ಇರುವ ಲ್ಯಾಪ್‌ಟಾಪಿನಲ್ಲೂ 60ರ ವೇಗದಲ್ಲಿ ನಡೆಯುತ್ತಿದ್ದವು. ಆಫೀಸಿನ ಕಂಪ್ಯೂಟರಿಗೂ ಬಾಗಿಲು ತೆರೆದದ್ದು ಅದೊಂದೇ ಸಲ.

2019ರಲ್ಲಿ ಆಕ್ಯುಲಸ್‌ನ ಸ್ವತಂತ್ರ ಹೆಡ್‌ಸೆಟ್ ಕ್ವೆಸ್ಟ್ ಬಂದಾಗ ಲೆಕ್ಕವೇ ಬದಲಾಯಿತು. ಅದರೊಳಗಿದ್ದುದು ಎರಡು ವರ್ಷ ಹಳೆಯ ಫೋನ್ ಚಿಪ್ ಸ್ನ್ಯಾಪ್‌ಡ್ರ್ಯಾಗನ್ 835, ಪರದೆಯ ವೇಗ 72. ಇಂಥ ಚಿಪ್ಪುಗಳು ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಒಂದೊಂದನ್ನೂ ತಮ್ಮೊಳಗಿನ ಪುಟ್ಟ ಮೆಮೊರಿಯಲ್ಲೇ ಮುಗಿಸುತ್ತವೆ. ಹೀಗಾಗಿ ಅಂಚು ನಯಗೊಳಿಸುವ ಕೆಲಸ ಅಗ್ಗ. ಇಡೀ ಚಿತ್ರವನ್ನು ಮತ್ತೆ ಹೊರತೆಗೆದು ಬೆಳಕಿನ ಹೊಳಪು ಸೇರಿಸುವಂಥ ಕೆಲಸ ದುಬಾರಿ. ಪಿಸಿಯ ಅಭ್ಯಾಸದಲ್ಲಿ ಬಂದವರು ಇಲ್ಲಿ ಕೈ ಸುಟ್ಟುಕೊಂಡರು. ಗೆದ್ದದ್ದು ಕಲೆಯಲ್ಲೇ ಮಿತವ್ಯಯವಿದ್ದ ಆಟಗಳು: ಬೀಟ್ ಸೇಬರ್‌ನ ಕಪ್ಪು ಶೂನ್ಯದಲ್ಲಿ ತೇಲಿಬರುವ ಕೆಲವೇ ಚೌಕಗಳು, ಸೂಪರ್‌ಹಾಟ್‌ನ ಬಿಳಿ ಕೋಣೆಗಳಲ್ಲಿ ಕೆಂಪು ಎದುರಾಳಿಗಳು. ಆಡುವವರಿಗೆ ಇವು ಶೈಲಿಯಾಗಿ ಕಾಣುತ್ತವೆ, ಬಡತನವಾಗಿ ಅಲ್ಲ. 2021ರಲ್ಲಿ ಸ್ಪೇಸ್‌ವಾರ್ಪ್ ಕ್ವೆಸ್ಟ್‌ಗೂ ಬಂತು. ಈ ಸಲ ಊಹೆಯಿಲ್ಲ. ಯಾವ ವಸ್ತು ಎತ್ತ ಚಲಿಸುತ್ತಿದೆ ಎಂಬುದನ್ನು ಆಟವೇ ಹೇಳುತ್ತದೆ. ಬೇಲಿ, ಬಾಗಿಲುಗಳ ಗೊಂದಲ ಬಹುಪಾಲು ತಗ್ಗಿತು.

ಕಣ್ಣು ನಟ್ಟ ಜಾಗವನ್ನು ಮಾತ್ರ ಸ್ಪಷ್ಟವಾಗಿ ಬರೆದು ಸುತ್ತಲನ್ನು ಮಸುಕಾಗಿ ಬಿಡುವ ಯೋಚನೆಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕಟ್ಟಲಾಗಿತ್ತು. 2012ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು, 2016ರಲ್ಲಿ ಎನ್‌ವಿಡಿಯಾದ ಅಂಜುಲ್ ಪಟ್ನಿ ಮತ್ತು ಸಂಗಡಿಗರು ಇದು ಸಾಧ್ಯವೆಂದು ತೋರಿಸಿದರು. ಪ್ಲೇಸ್ಟೇಷನ್ ವಿಆರ್2 ಮೂಲಕ 2023ರಲ್ಲಿ ಮನೆಗಳಿಗೂ ಬಂತು. ವಿಪರ್ಯಾಸವೆಂದರೆ ಕಣ್ಣಿನ ಚಲನೆ ಗುರುತಿಸುವ ಕ್ಯಾಮೆರಾ ಇರುವುದು ದುಬಾರಿ ಹೆಡ್‌ಸೆಟ್ಟುಗಳಲ್ಲಿ. ಉಳಿತಾಯದ ಅಗತ್ಯ ಹೆಚ್ಚಿರುವ ಕ್ವೆಸ್ಟ್ 2, ಕ್ವೆಸ್ಟ್ 3ರಲ್ಲಿ ಅದಿಲ್ಲ. ಅಲ್ಲಿ ಕಣ್ಣು ಎತ್ತ ಹೋದರೂ ಅಂಚುಗಳನ್ನೇ ಮಸುಕಾಗಿಸುವ ಸ್ಥಿರ ವಿಧಾನವೇ ಗತಿ.

ಇವತ್ತು ಜಿಟಿಎಕ್ಸ್ 1650ರಂಥ ಕಾರ್ಡಿನ ಲ್ಯಾಪ್‌ಟಾಪಿಗೆ ಕ್ವೆಸ್ಟ್ ಜೋಡಿಸಿ ಆಡುವವರು ಈ ಎಲ್ಲ ಉಪಾಯಗಳ ವಾರಸುದಾರರು. ಅವರಿಗೆ ಹೆಚ್ಚುವರಿ ಹೊರೆಯೊಂದಿದೆ: ಪ್ರತಿ ಚಿತ್ರವನ್ನೂ ವಿಡಿಯೊ ಆಗಿ ಕುಗ್ಗಿಸಿ ಕೇಬಲ್ ಅಥವಾ ವೈಫೈ ಮೂಲಕ ಕಳಿಸಬೇಕು. ಮೊದಲು ಮಾಡಬೇಕಾದ್ದು ವೇಗವನ್ನು 90ರಿಂದ 72ಕ್ಕೆ ಇಳಿಸುವುದು, 11.1ರ ಜಾಗದಲ್ಲಿ 13.9 ಮಿಲಿಸೆಕೆಂಡ್ ಸಿಗುತ್ತದೆ. ಆಮೇಲೆ ಚಿತ್ರದ ಅಳತೆ, ನಂತರ ನೆರಳು. 2021ರಲ್ಲಿ ಎಎಂಡಿ ತನ್ನ ಎಫ್‌ಎಸ್‌ಆರ್ ತಂತ್ರವನ್ನು ಮುಕ್ತವಾಗಿ ಬಿಟ್ಟಾಗ, ಸಣ್ಣ ಚಿತ್ರವನ್ನು ಚೂಪಾಗಿ ಹಿಗ್ಗಿಸುವ ಅದನ್ನು ಹವ್ಯಾಸಿಗಳು ವಿಆರ್ ಆಟಗಳಿಗೆ ತಾವೇ ಅಂಟಿಸಿದರು. ಆಟದ ಫೋಲ್ಡರಿನಲ್ಲಿ ಒಂದು ಫೈಲ್ ಬದಲಿಸಿದರೆ ಮುಗಿಯಿತು. ಫ್ಲೈಟ್ ಸಿಮ್ಯುಲೇಟರ್‌ನಂಥ ಆಟಗಳಲ್ಲಿ ಮಾತ್ರ ಇದರ ಆಟ ಹೆಚ್ಚು ನಡೆಯುವುದಿಲ್ಲ. ಅಲ್ಲಿ ಪ್ರೊಸೆಸರೇ ಏದುಸಿರು ಬಿಡುತ್ತಿರುತ್ತದೆ.

ಇಂಟೆಲ್ 620ಕ್ಕೂ ಬಾಗಿಲು ತೆರೆದ ಆ ಹೆಡ್‌ಸೆಟ್ಟುಗಳ ಕತೆ ಬೇರೆಯೇ ರೀತಿಯಲ್ಲಿ ಮುಗಿಯಿತು. 2023ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಇಡೀ ವ್ಯವಸ್ಥೆಯನ್ನು ಕೈಬಿಡುವುದಾಗಿ ಹೇಳಿತು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದು ಕಾಣೆಯಾಯಿತು. ಹೆಡ್‌ಸೆಟ್ ಕೆಟ್ಟಿರಲಿಲ್ಲ, ಯಂತ್ರದ ಕಸುವೂ ಕಡಿಮೆಯಾಗಿರಲಿಲ್ಲ. 2025ರಲ್ಲಿ ಓಯಸಿಸ್ ಎಂಬ ಉಚಿತ ಡ್ರೈವರ್ ಬಂದು ವಾಲ್ವ್ ಕಂಪನಿಯ ಸ್ಟೀಮ್‌ವಿಆರ್ ಮೂಲಕ ಅವಕ್ಕೆ ಮರುಜೀವ ಕೊಟ್ಟಿತು. ಅದು ಎನ್‌ವಿಡಿಯಾ ಕಾರ್ಡ್ ಇರುವ ಯಂತ್ರಗಳಲ್ಲಿ ಮಾತ್ರ ಆಗ ಕೆಲಸ ಮಾಡುತ್ತಿತ್ತು. ಬೇರೆ ಕಾರ್ಡಿಲ್ಲದ ಲ್ಯಾಪ್‌ಟಾಪನ್ನು ನಂಬಿ ಕೊಂಡವರು ಹಳೆಯ ವಿಂಡೋಸ್‌ನಲ್ಲೇ ಉಳಿಯಬೇಕಾಯಿತು.