ಕಂದು ಬಣ್ಣದ ಪಂಪು

ಮುಳಬಾಗಿಲು ತಾಲ್ಲೂಕಿನ ನಮ್ಮ ತಾಯಲೂರಿನಲ್ಲಿ ಕೆಮ್ಮಿಗೆ ಎರಡು ಭಾಷೆಯಲ್ಲೂ ಹೆಸರುಗಳಿವೆ. ಮನೆಯೊಳಗೆ ಅದು ಕನ್ನಡದ ಗೂರಲು, ನಾಯಿಕೆಮ್ಮು; ಬೀದಿಗೆ ಬಂದರೆ ತೆಲುಗಿನ ದಗ್ಗು. ಆದರೆ 1998ರ ಮಳೆಗಾಲದಲ್ಲಿ ನನ್ನ ನಾಲ್ಕು ವರ್ಷದ ಮಗನನ್ನು ಹಿಡಿದ ಕೆಮ್ಮಿಗೆ ಯಾರೂ ಸರಿಯಾದ ಹೆಸರು ಹೇಳಲಿಲ್ಲ. ಹಗಲೆಲ್ಲ ಕುಣಿದಾಡುವ ಹುಡುಗ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ಮುವನು. ಕುಡಿದ ಹಾಲೆಲ್ಲ ಹಾಸಿಗೆಯ ಪಾಲು. ಬೆಳಿಗ್ಗೆ ನಾನು ಅದೇ ನಿದ್ದೆಗಣ್ಣಿನಲ್ಲಿ ಏಳನೇ ತರಗತಿಗೆ ಪಾಠ ಮಾಡಬೇಕು.

ಅತ್ತೆಯವರು ಹಿತ್ತಲಿನ ಆಡುಸೋಗೆ ಎಲೆ ಬಾಡಿಸಿ ರಸ ಹಿಂಡಿ ಜೇನಿನಲ್ಲಿ ನೆಕ್ಕಿಸಿದರು. ನಾನು ಬಿ.ಎ. ಓದಿದ ಜಂಬದಲ್ಲಿ ಮೂಗು ಮುರಿದೆ. ಅದು ನನ್ನ ತಪ್ಪು. ಕಫ ಕರಗಿಸಲು ವೈದ್ಯರು ಬರೆಯುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವಿನಿಂದ. ಆದರೆ ನಮ್ಮ ಮಗುವಿನ ತೊಂದರೆ ಬರೀ ಕಫದ್ದಾಗಿರಲಿಲ್ಲ. ಊರಿನ ಡಾಕ್ಟರು ಆರು ಸಲ ಆಂಟಿಬಯೋಟಿಕ್ ಕೊಟ್ಟು, ಕೊನೆಗೆ 'ಅಲರ್ಜಿಕ್ ಬ್ರಾಂಕೈಟಿಸ್' ಎಂದು ಬರೆದರು. ಆಸ್ತಮಾ ಎಂದರೆ ತಾಯಂದಿರು ಹೆದರುತ್ತಾರೆಂದು ಆಗ ಆ ಮಾತನ್ನು ಹೀಗೆ ಮರೆಮಾಚುವುದಿತ್ತು. ಮೈದುನ ಹೈದರಾಬಾದಿಗೆ ಕರೆದುಕೊಂಡು ಹೋಗೋಣ ಎಂದ. ಅಲ್ಲಿ ಬತ್ತಿನಿ ಮನೆತನದವರು ಮೃಗಶಿರದ ದಿನ ಜೀವಂತ ಮೀನಿನ ಬಾಯಿಗೆ ಔಷಧಿಯಿಟ್ಟು ನುಂಗಿಸುತ್ತಾರಲ್ಲ, ಅದಕ್ಕೆ. ಮೀನು ತಿನ್ನದವರಿಗೆ ಬೆಲ್ಲದಲ್ಲೂ ಕೊಡುತ್ತಾರಂತೆ. ಆ ವರ್ಷದ ಮೃಗಶಿರ ಆಗಲೇ ಮುಗಿದಿತ್ತು. ಬೆಂಗಳೂರಿನ ಬಸ್ಸು ಹತ್ತಿದೆವು.

ಅಲ್ಲಿನ ಮಕ್ಕಳ ವೈದ್ಯರು ಔಷಧಿಗಿಂತ ಹೆಚ್ಚು ಪ್ರಶ್ನೆ ಕೊಟ್ಟರು. ತೂಕ ಇಳಿದಿದೆಯೇ? ಮನೆಯಲ್ಲಿ ಯಾರಿಗಾದರೂ ಕ್ಷಯವಿದೆಯೇ? ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿ ಕೆಮ್ಮಿದ್ದುಂಟೇ? ಉಸಿರು ಬಿಡುವಾಗ ಸಿಳ್ಳೆಯಂಥ ಸದ್ದು ಬರುತ್ತದೆಯೇ? ಎಲ್ಲ ಕೆಮ್ಮೂ ಉಬ್ಬಸವಲ್ಲ, ಐದು ವರ್ಷದೊಳಗಿನವರಲ್ಲಿ ಗುರುತಿಸುವುದೂ ಕಷ್ಟ ಎಂದರು. ಬಳಿಕ, "ಮನೇಲಿ ಯಾರಿಗಾದ್ರೂ ಉಬ್ಬಸ ಇತ್ತಾ?" ಎಂದಾಗ ಅತ್ತೆ ಖಡಾಖಂಡಿತವಾಗಿ, "ನಮ್ಮ ವಂಶದಲ್ಲೇ ಇಲ್ಲ ಸಾರ್" ಎಂದುಬಿಟ್ಟರು. ವಾಪಸು ಬರುವಾಗ, ಬಸ್ಸು ನರಸಾಪುರ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ನಮ್ಮಪ್ಪ ಮಲಗ್ತಿರಲಿಲ್ಲಮ್ಮ. ಗೋಡೆಗೆ ಒರಗಿ ಕೂತೇ ರಾತ್ರಿ ಕಳೀತಿದ್ದ. ನಮ್ಮ ಮದುವೆಗಳಾಗೋವರೆಗೂ ಹೊರಗೆ ಹೇಳೋ ಹಾಗಿರಲಿಲ್ಲ."

ವೈದ್ಯರು ಕೊಟ್ಟದ್ದು ಕಂದು ಬಣ್ಣದ ಪಂಪು, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಮಗುವಿನ ಮುಖಕ್ಕೆ ಹಿಡಿಯುವ ಮುಸುಕು. ಸ್ಟೀರಾಯ್ಡ್ ಎಂಬ ಮಾತು ಕೇಳಿಯೇ ನನ್ನ ಕೈ ತಣ್ಣಗಾಯಿತು.

ಆ ಪಂಪಿನ ಕಥೆಯನ್ನು ನಾನು ಓದಿದ್ದು ಆಮೇಲೆ. 1955ರಲ್ಲಿ ಅಮೆರಿಕದ ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್‌ರ ಹದಿಮೂರು ವರ್ಷದ ಮಗಳಿಗೆ ಆಸ್ತಮಾ. ಬುರುಡೆ ಒತ್ತಿ ಒತ್ತಿ ಬೇಸತ್ತ ಆಕೆ, ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧಿ ಯಾಕಿಲ್ಲ ಎಂದು ಅಪ್ಪನನ್ನು ಕೇಳಿದಳಂತೆ. ಮರುವರ್ಷವೇ ಪಂಪು ಮಾರುಕಟ್ಟೆಗೆ ಬಂತು. ದೊಡ್ಡವರು ಮಕ್ಕಳ ಮಾತಿಗೆ ಕಿವಿಗೊಟ್ಟರೆ ಏನೆಲ್ಲ ಆಗುತ್ತದೆ ನೋಡಿ. ಆದರೆ ಅದರಲ್ಲಿದ್ದುದು ಉಸಿರುನಾಳವನ್ನು ತಕ್ಷಣಕ್ಕೆ ಸಡಿಲಿಸುವ ಔಷಧಿ ಮಾತ್ರ. ಒಳಗಿನ ಊತ ಇಳಿಸುವ ಸ್ಟೀರಾಯ್ಡ್ 1948ರಿಂದಲೇ ಬಳಕೆಗೆ ಬಂದಿತ್ತು, ಅದಕ್ಕೆ 1950ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ಮಾತ್ರೆಯಾಗಿ ಬಹುಕಾಲ ನುಂಗಿದರೆ ಮುಖ ಊದುವುದು, ಮೂಳೆ ಸವೆಯುವುದು, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು. ಅದನ್ನು ಶ್ವಾಸಕೋಶಕ್ಕೆ ನೇರವಾಗಿ ಕೊಡುವ ಬೆಕ್ಲೊಮೆಥಾಸೋನ್ ಪಂಪಿನ ಫಲವನ್ನು ಇಂಗ್ಲೆಂಡಿನ ಡರ್ಬಿಯ ವೈದ್ಯ ಹ್ಯಾರಿ ಮಾರೋ ಬ್ರೌನ್ 1972ರಲ್ಲಿ ತೋರಿಸಿಕೊಟ್ಟರು. ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಪಂಪಿನದು ಅದರ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಂನಲ್ಲಿ.

ಇದನ್ನು ಆಗಲೇ ಓದಿದ್ದರೆ! ಮೂರು ವಾರದಲ್ಲಿ ಕೆಮ್ಮು ನಿಂತಿತು. ನೆರೆಯವರು, "ಟೀಚರಮ್ಮಾ, ಒಂದ್ಸಲ ಪಂಪು ಹಿಡಿದ್ರೆ ಸಾಯೋವರೆಗೂ ಬಿಡಲ್ಲ" ಎಂದರು. ನಾನು ಯಾರನ್ನೂ ಕೇಳದೆ ಪಂಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ದೀಪಾವಳಿಯ ರಾತ್ರಿ, ಪಟಾಕಿಯ ಹೊಗೆಯಲ್ಲಿ, ಮಗುವಿನ ಪಕ್ಕೆಲುಬುಗಳ ಸಂದು ಒಳಕ್ಕೆ ಸೆಳೆಯತೊಡಗಿತು, ತುಟಿ ಬಣ್ಣಗೆಟ್ಟಿತು. ಬಸ್ಸಿಲ್ಲ. ಕೋಲಾರಕ್ಕೆ ಹೊರಟಿದ್ದ ಟೊಮೆಟೊ ಲಾರಿಯವನು ನಮ್ಮನ್ನು ಮುಂದೆ ಕೂರಿಸಿಕೊಂಡ. ಮಗುವನ್ನು ಎದೆಗೊರಗಿಸಿಕೊಂಡು ಕೂತಿದ್ದ ಆ ದಾರಿಯ ಒಂದೊಂದು ಮೈಲಿಯೂ ನನಗೆ ಇಂದಿಗೂ ನೆನಪಿದೆ. ಬೀಗದ ಕೈ ನನ್ನ ಸೆರಗಿನಲ್ಲೇ ಇತ್ತು.

ಆಸ್ಪತ್ರೆಯ ಡ್ಯೂಟಿ ಡಾಕ್ಟರು, ಇನ್ನೂ ಚಿಕ್ಕ ಹುಡುಗಿ, ಬೈಯಲಿಲ್ಲ. ನೀಲಿ ಪಂಪು ಉರಿಯುವ ಬೆಂಕಿಗೆ ನೀರು. ಕಂದು ಪಂಪು ಬೆಂಕಿ ಹತ್ತದ ಹಾಗೆ ದಿನವೂ ನೋಡಿಕೊಳ್ಳುವುದು, ಕೆಮ್ಮು ನಿಂತಿತೆಂದು ನೀವಾಗಿ ಬಿಡಬಾರದು, ಕಡಿಮೆ ಮಾಡುವುದನ್ನು ವೈದ್ಯರೇ ಹೇಳಬೇಕು ಎಂದಳು. ಹಾಕಿದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಬರುತ್ತದೆ, ಮುಖವನ್ನೂ ಒರೆಸಿ ಎಂದೂ ತೋರಿಸಿಕೊಟ್ಟಳು.

ನಾವು ಒಬ್ಬರೇ ಅಲ್ಲ ಎಂಬುದೂ ನಂತರವೇ ತಿಳಿದದ್ದು. ಡಾ. ಎಚ್. ಪರಮೇಶ್ ಬೆಂಗಳೂರಿನಲ್ಲಿ ಹದಿನೆಂಟರೊಳಗಿನ ಮಕ್ಕಳನ್ನು ಪರೀಕ್ಷಿಸಿದಾಗ 1979ರಲ್ಲಿ ನೂರಕ್ಕೆ 9 ಮಂದಿಗಿದ್ದ ಆಸ್ತಮಾ 1999ಕ್ಕೆ 29.5ಕ್ಕೆ ಏರಿತ್ತು. ನಮ್ಮ ಮಾವ ನೆಮ್ಮದಿಯಾಗಿ ಬೀಡಿ ಸೇದುತ್ತಿದ್ದದ್ದು ಮಗು ಮಲಗುವ ನಡುಮನೆಯಲ್ಲೇ. ಅದನ್ನು ಜಗುಲಿಗೆ ದಾಟಿಸಲು ಪಂಪು ಹಾಕುವುದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು.

ಮಗು ಗಿಡ್ಡವಾಗುತ್ತದೆಂಬ ಭಯ ಅತ್ತೆಗೆ. ಪ್ರತಿ ಯುಗಾದಿಗೂ ಅವನನ್ನು ಬಾಗಿಲಿಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಅಳಿಸಿಹೋಗಬಾರದೆಂದು ನಾನು ಮೇಲೆ ಪೆನ್ಸಿಲಿನಲ್ಲಿ ತೀಡುತ್ತಿದ್ದೆ. ಆ ಭಯ ಪೂರ್ತಿ ಸುಳ್ಳಲ್ಲ. ಅಮೆರಿಕ, ಕೆನಡಾಗಳಲ್ಲಿ ಇಂಥ ಪಂಪು ವರ್ಷಗಟ್ಟಲೆ ಹಾಕಿಕೊಂಡ ಮಕ್ಕಳನ್ನು ದೊಡ್ಡವರಾದ ಮೇಲೆ ಅಳೆದಾಗ, ಹಾಕಿಕೊಳ್ಳದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಿದ್ದರೆಂದು 2012ರಲ್ಲಿ ಪ್ರಕಟವಾಯಿತು. ಅರ್ಧ ಇಂಚಿಗೂ ಕಡಿಮೆ. ಆ ಲಾರಿಯಲ್ಲಿ ಕೂತಿದ್ದಾಗ ಯಾರಾದರೂ ಕೇಳಿದ್ದರೆ ಅರ್ಧ ಅಡಿಯನ್ನೇ ಕೊಟ್ಟುಬಿಡುತ್ತಿದ್ದೆ.

ವೈದ್ಯರು ಹಂತಹಂತವಾಗಿ ಇಳಿಸಿ, ಅವನ ಒಂಬತ್ತನೇ ವಯಸ್ಸಿಗೆ ಪಂಪು ಬಿಡಿಸಿದರು. ಈಗ ಅವನು ಅವನಪ್ಪನಿಗಿಂತ ಎರಡು ಬೆರಳು ಎತ್ತರ. ಅತ್ತೆ ಮಾತ್ರ ಕೊನೆಯವರೆಗೂ ಅದನ್ನು ಆಡುಸೋಗೆಯ ಲೆಕ್ಕಕ್ಕೇ ಬರೆದುಕೊಂಡಿದ್ದರು.